ಕೆಳಗಿಳಿದು ಬನ್ನಿ

"ಇನ್ನೊಂದು ಸಲ ಹೇಳ್ಬಿಡಿ ಮೇಡಂ. ಆ 'ಕೆಳಗಿಳಿದು ಬನ್ನಿ' ಅನ್ನೋ ಹತ್ರ ದನಿ ಒಡೀತಿದೆ," ಎಂದ ಗಾಜಿನಾಚೆ ಕೂತ ರೆಕಾರ್ಡಿಂಗ್‌ನವನು.

ಅವಳು ಒಂದು ಗುಟುಕು ನೀರು ಕುಡಿದು, ಕಾಗದ ನೆಟ್ಟಗೆ ಹಿಡಿದು ಮತ್ತೆ ಶುರುಮಾಡಿದಳು. "ಸಾರ್ವಜನಿಕರಲ್ಲಿ ಕಳಕಳಿಯ ವಿನಂತಿ. ನಮ್ಮ ಊರಿನ ಬೇಸಿಗೆ ಮೊದಲಿನಂತಿಲ್ಲ. ವರ್ಷದಿಂದ ವರ್ಷಕ್ಕೆ ಬಿಸಿಲು ಏರುತ್ತಿದೆ, ರಾತ್ರಿಯೂ ತಂಪಾಗುತ್ತಿಲ್ಲ. ನಡುಮಧ್ಯಾಹ್ನ ಚಾವಣಿಗಳ ಮೇಲೆ ಕೆಲಸ ಮಾಡುವವರು ದಯವಿಟ್ಟು..." ಅಷ್ಟಕ್ಕೇ ನಿಲ್ಲಿಸಿ ಕಾಗದ ಕೆಳಗಿಳಿಸಿದಳು.

ಹೋದ ಬೇಸಿಗೆಯಲ್ಲಿ ಇದೇ ಮಾತನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದಳು. ನಗರಸಭೆಯಲ್ಲಿ ಫೋನೆತ್ತುವ ಕೆಲಸ ಅವಳದು. ದನಿ ಇಂಪಾಗಿದೆಯೆಂದು ಸಾಹೇಬರೇ ಆರಿಸಿದ್ದರು. ಆಟೋದ ಮೇಲೆ ಮೈಕು ಕಟ್ಟಿ ಆ ದನಿಯನ್ನು ಬೀದಿ ಬೀದಿ ಸುತ್ತಿಸಿದಾಗ ಗಂಡನ ಸಂಭ್ರಮ ನೋಡಬೇಕಿತ್ತು! ಅವನು ಚಾವಣಿಗೆ ತಗಡು ಹೊದಿಸುವವನು. "ಮನೇಲಿ ಬೈಯೋದು ಸಾಲ್ದು ಅಂತ ಈಗ ಊರಿಗೆಲ್ಲ ಕೇಳೋ ಹಾಗೆ ಬೈತಾಳೆ ನೋಡ್ರೋ," ಎಂದು ಜೊತೆಗಾರರ ಮುಂದೆ ಮೀಸೆ ತಿರುವಿದ್ದ. ಅವರೋ, ಅವಳನ್ನು ಮೈಕ್ ಅತ್ತಿಗೆ ಎಂದೇ ಕರೆಯತೊಡಗಿದ್ದರು. "ನಗಾಡಿದ್ದು ಸಾಕು. ಮಧ್ಯಾಹ್ನ ಇಳೀತೀರೋ ಇಲ್ವೋ?" ಎಂದು ಅವಳು ಗದರಿದರೆ, "ನಿನ್ನ ಮಾತು ಮೀರೋಕಾಗುತ್ತಾ ತಾಯಿ?" ಎನ್ನುತ್ತಿದ್ದ ಗಂಡ.

ಆ ಬೇಸಿಗೆ ಮುಗಿಯುವ ಮೊದಲೇ ಅವನನ್ನು ಕಾದ ತಗಡಿನ ಮೇಲಿಂದ ಎತ್ತಿ ಇಳಿಸಿದರು. ಮೈ ಕೆಂಡವಾಗಿತ್ತು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸತ್ತವನ ಮೇಲೆ ಸಿಟ್ಟು ಮಾಡಬಾರದು, ನಿಜ. ಆದರೆ ಅವಳ ಹೊಟ್ಟೆಯೊಳಗೆ ವರ್ಷವಿಡೀ ಉರಿದದ್ದು ಸಿಟ್ಟೇ.

ಕಾಗದ ಮಡಚಿಕೊಂಡು ಹೊರಗೆ ಬಂದಳು. ಕುಳ್ಳನೆಂದೇ ಎಲ್ಲರೂ ಕರೆಯುವವನು ಮೆಟ್ಟಿಲ ಬಳಿ ಆಟೋದ ಕನ್ನಡಿ ಒರೆಸುತ್ತಿದ್ದ. ಗಂಡನ ಜೊತೆಗೇ ತಗಡು ಹೊದಿಸುತ್ತಿದ್ದವನು. ಆ ದಿನದ ನಂತರ ಏಣಿ ಹತ್ತಿದವನಲ್ಲ. ಈಗ ಪ್ರಚಾರದ ಆಟೋ ಓಡಿಸುತ್ತಾನೆ.

"ನನ್ನ ಕೈಲಾಗಲ್ಲ ಕಣೋ. ಬೇರೆ ಯಾರನ್ನಾದ್ರೂ ಕರೆಸ್ಲಿ. ಕಟ್ಕೊಂಡ ಗಂಡನೇ ನನ್ನ ಮಾತಿಗೆ ಕಿವಿಗೊಡ್ಲಿಲ್ಲ, ಇನ್ನು ಊರು ಕೇಳುತ್ತಾ?"

"ಹಾಗನ್ಬೇಡಿ ಅತ್ತಿಗೆ. ಅಣ್ಣ ಕೇಳ್ತಿದ್ದ. ದಿನಾ ಕೇಳ್ತಿದ್ದ."

"ಕೇಳಿದ್ದಿದ್ರೆ ಇಳೀಬೇಕಿತ್ತು!"

"ಕೇಳೋಕೆ ಅಂತಾನೇ ಇಳೀಲಿಲ್ಲ." ಕುಳ್ಳನ ಕೈ ಕನ್ನಡಿಯ ಮೇಲೇ ನಿಂತಿತು. "ಕೆಳಗಡೆ ಬರೀ ಗಾಡಿಗಳ ಗಲಾಟೆ. ಮೇಲಿದ್ರೆ ನಿಮ್ಮ ದನಿ ಎಷ್ಟು ದೂರದಿಂದ್ಲೂ ಸ್ಪಷ್ಟವಾಗಿ ಕೇಳೋದು. ದಿನಾ ಆಟೋ ಬಂದು ಹೋದ ಮೇಲೇ ನಾವು ಇಳೀತಿದ್ದಿದ್ದು. ಅವತ್ತು ಆಟೋ ತಡ ಆಯ್ತು. 'ನೀವು ನಡೀರೋ, ಅವಳು ಬಂದು ಕರೀಲಿ, ಆಮೇಲೆ ಇಳೀತೀನಿ' ಅಂದ. ನಗ್ತಾನೇ ಅಂದ. ಇಷ್ಟು ದಿನ ನಿಮ್ಮ ಹತ್ರ ಹೇಳೋಕೆ ಬಾಯೇ ಬರ್ಲಿಲ್ಲ."

ಅವಳು ಮೆಟ್ಟಿಲ ಮೇಲೆ ಕೂತಳು. ಅಯ್ಯೋ ಹುಚ್ಚಪ್ಪ! ಮನೆಗೆ ಬಂದಿದ್ದರೆ ರಾತ್ರಿಯಿಡೀ ಕಿವಿ ತುಂಬ ಹೇಳುತ್ತಿದ್ದೆನಲ್ಲೋ! ವರ್ಷದಿಂದ ಹಿಡಿದುಕೊಂಡಿದ್ದ ಸಿಟ್ಟು ಕೈಬಿಟ್ಟು ಹೋಯಿತು. ಹಿಡಿದುಕೊಳ್ಳಲು ಬೇರೇನೂ ಉಳಿದಿರಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು. ಕುಳ್ಳ ಆಚೆ ತಿರುಗಿ ನಿಂತ.

ಬಹಳ ಹೊತ್ತಾದ ಮೇಲೆ ಮುಖ ತೊಳೆದು ಒಳಗೆ ಹೋದಳು. ಈ ಸಲ ಕಾಗದ ಬಿಡಿಸಲಿಲ್ಲ.

"ಏನ್ರೀ, ಮೇಲಿರೋರೇ! ನನ್ನ ದನಿ ಕೇಳ್ತಾ ನಿಲ್ಬೇಡಿ. ಆಟೋ ಬರ್ಲಿ ಅಂತ ಕಾಯ್ಬೇಡಿ. ಹೊತ್ತು ನೆತ್ತಿಗೇರೋ ಮೊದ್ಲೇ ಇಳೀರಿ. ಇದು ನಮ್ಮ ಹಿರಿಯರು ಕಂಡ ಬಿಸಿಲಲ್ಲ ಕಣ್ರೀ, ಜೀವ ತೆಗೆಯುತ್ತೆ. ನಮ್ಮನೆಯವರನ್ನ ತೆಗೀತು. ಇಳಿದು ಬನ್ರೀ."

ರೆಕಾರ್ಡಿಂಗ್‌ನವನು ಇನ್ನೊಂದು ಸಲ ಎನ್ನಲಿಲ್ಲ.

ಮರುದಿನ ಅವಳು ಅರ್ಧ ಕಟ್ಟಿದ ಗೋದಾಮಿನ ಎದುರು ಮರದಡಿ ನಿಂತಿದ್ದಾಗ ಕುಳ್ಳನ ಆಟೋ ಬಂತು. ಮೇಲೆ ಸುತ್ತಿಗೆಯ ಸದ್ದು ನಿಂತಿತು. ತಗಡಿನವರು ಮುಖ ಮುಖ ನೋಡಿಕೊಂಡರು. ಒಬ್ಬ ಏಣಿಗೆ ಕಾಲಿಟ್ಟ, ಅವನ ಹಿಂದೆ ಇನ್ನೊಬ್ಬ. ಎಲ್ಲರೂ ಇಳಿದು, ಗೋಡೆಯ ನೆರಳಲ್ಲಿ ಕೂತು ನೀರು ಕುಡಿಯತೊಡಗಿದರು.

ಆಟೋ ತಿರುವು ದಾಟಿ ದನಿ ಕ್ಷೀಣವಾಯಿತು. ಅವಳು ಮಾತ್ರ ಕತ್ತೆತ್ತಿ ಏಣಿಯ ತುದಿಯನ್ನೇ ನೋಡುತ್ತ ನಿಂತಿದ್ದಳು.