ಹಂಗಾಮಿ ಕೋಚ್

ಡಂಕನ್ ಮೆಕ್ರೇಯ ಫೋನು ಬಂದಾಗ ಅಸುಂತಾ ಸಿಂಕಿನಲ್ಲಿ ಬಂಗುಡೆ ತೊಳೆಯುತ್ತಿದ್ದಳು. ಲೌಂಜಿನಲ್ಲಿ ಗಂಡ ಹರ್ಮನ್ "ಯೆಸ್ ಡಂಕನ್, ನೋ ಪ್ರಾಬ್ಲಮ್ ಡಂಕನ್" ಎನ್ನುತ್ತಿದ್ದುದು ಕೇಳಿಸಿತು. ಅಷ್ಟೇ ಸಾಕಾಯಿತು. ಗ್ಲೆನ್‌ಮೋರ್ ಫುಟ್‌ಬಾಲ್ ಕ್ಲಬ್ಬಿನವರು ಇನ್ನೊಬ್ಬ ಕೋಚನ್ನು ಮನೆಗೆ ಕಳಿಸಿದ್ದಾರೆ, ಮುಂದಿನವನು ಸಿಗುವ ತನಕ ತಂಡ ನೋಡಿಕೊಳ್ಳಲು ಮತ್ತೆ ತನ್ನ ಗಂಡನನ್ನೇ ಹಿಡಿದಿದ್ದಾರೆ ಎಂದು ಅವಳಿಗೆ ತಿಳಿದುಹೋಯಿತು. ಕೈಯಲ್ಲಿದ್ದ ಮೀನನ್ನು ಸಿಂಕಿಗೆ ಎಸೆದು ಹೊರಬಂದಳು.

"ಒಪ್ಕೊಂಡ್ಯಾ?"

"ಸ್ವಲ್ಪ ದಿವಸಕ್ಕೆ ಮಾತ್ರ ಮಾರಾಯ್ತಿ. ಹುಡುಗರನ್ನು ಹಾಗೇ ಬಿಡ್ಲಿಕ್ಕೆ ಆಗ್ತದಾ?"

"ಹೋದ ವರ್ಷವೂ ಸ್ವಲ್ಪ ದಿವಸ, ಅದರ ಹಿಂದಿನ ವರ್ಷವೂ ಸ್ವಲ್ಪ ದಿವಸ. ಏನಂತ ಕರೀತಾರೆ ನಿನ್ನ? ಕೇರ್‌ಟೇಕರ್! ನಮ್ಮ ಬೆಂಗಳೂರಲ್ಲಿ ಕೇರ್‌ಟೇಕರ್ ಅಂದ್ರೆ ಯಾರು ಗೊತ್ತಾ? ಮದುವೆ ಛತ್ರದ ಬೀಗದ ಕೈ ಇಟ್ಕೊಂಡು ಬಾಗಿಲಲ್ಲಿ ಕೂತಿರೋನು. ಮದುವೆ ಬೇರೆಯವರದ್ದು!"

ಹರ್ಮನ್ ನಕ್ಕ. ಅವನು ಹೀಗೆ ನಕ್ಕಾಗಲೇ ಅವಳ ಮೈ ಉರಿಯುತ್ತಿತ್ತು. ಗಂಡಹೆಂಡಿರ ನಡುವಿನ ಮಾತೆಲ್ಲ ಕೊಂಕಣಿಯಲ್ಲಿ. ಜಗಳಕ್ಕೆ ಮಾತ್ರ ಕನ್ನಡ. ಅವಳು ಬೆಳೆದದ್ದು ಬೆಂಗಳೂರಿನ ಫ್ರೇಜರ್ ಟೌನಿನಲ್ಲಿ, ಅವನು ಮಂಗಳೂರಿನ ಕುಲಶೇಖರದಲ್ಲಿ. ಕೊಂಕಣಿಯಲ್ಲಿ ಬೈದರೆ ಇಬ್ಬರ ತಾಯಂದಿರೂ ಎದುರು ಬಂದು ನಿಂತಂತಾಗುತ್ತಿತ್ತು, ಆದ್ದರಿಂದ ಹೀಗೊಂದು ಏರ್ಪಾಡು.

ಹರ್ಮನ್ ಹರೆಯದಲ್ಲಿ ಬೆಂಗಳೂರಿನ ಕಾರ್ಖಾನೆಯೊಂದರ ತಂಡಕ್ಕೆ ಆಡಿದವನು. ಓದಲೆಂದು ಮೆಲ್ಬರ್ನ್‌ಗೆ ಬಂದು, ಕಾಯಂ ವಾಸದ ಪಿಆರ್ ಸಿಕ್ಕಿ, ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ನೆಲೆನಿಂತ ಮೇಲೆ ಇಲ್ಲಿನ ಕೋಚಿಂಗ್ ಪರೀಕ್ಷೆಗಳನ್ನೆಲ್ಲ ಒಂದೊಂದಾಗಿ ಪಾಸು ಮಾಡಿದ್ದ. ಮನೆ ಇದ್ದದ್ದು ನಗರದ ಉತ್ತರದ ಅಂಚಿನ ಕ್ರೇಗಿಬರ್ನ್‌ನಲ್ಲಿ, ಕ್ಲಬ್ಬು ಇದ್ದದ್ದು ಆ ಕಡೆಯ ಡ್ಯಾಂಡಿನಾಂಗ್‌ನಲ್ಲಿ. ಕೆಲಸ ಮುಗಿಸಿ ಇಡೀ ಊರು ದಾಟಿ ಪ್ರಾಕ್ಟೀಸಿಗೆ ಹೋಗುತ್ತಿದ್ದ. ವೃದ್ಧಾಶ್ರಮದಲ್ಲಿ ನರ್ಸ್ ಆಗಿದ್ದ ಅಸುಂತಾ ಶನಿವಾರ ರಜೆ ಹಾಕಿಸಿಕೊಂಡು ಕ್ಲಬ್ಬಿನ ಕ್ಯಾಂಟೀನಿನಲ್ಲಿ ನಿಲ್ಲುತ್ತಿದ್ದಳು. ಅವಳ ಚಿಕನ್ ಸುಕ್ಕಾ ತುಂಬಿದ ಬನ್ನಿಗೆ ಎದುರು ತಂಡದವರೂ ಸಾಲು ನಿಲ್ಲುತ್ತಿದ್ದರು.

ಗ್ಲೆನ್‌ಮೋರ್ ಹುಟ್ಟಿದ್ದು ಐವತ್ತರ ದಶಕದಲ್ಲಿ, ಡ್ಯಾಂಡಿನಾಂಗ್‌ನ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದ ಸ್ಕಾಟ್ಲೆಂಡಿನವರಿಂದ. ಅವರ ಮೊದಲ ಕೋಚ್ ಮಂಡಿ ಸವೆದು ನಡೆಯಲಾಗದಷ್ಟು ಮುದುಕನಾದ ಮೇಲೆಯೇ ಜಾಗ ಬಿಟ್ಟುಕೊಟ್ಟನಂತೆ. ಈಗ ಆಡುವವರಲ್ಲಿ ಸುಡಾನಿನವರು, ಬೋಸ್ನಿಯಾದವರು, ಅಫ್ಘಾನಿಗಳು ಎಲ್ಲರೂ ಇದ್ದರು. ಕಮಿಟಿ ಮಾತ್ರ ಹಳೆಯವರ ಮಕ್ಕಳ ಕೈಯಲ್ಲೇ ಇತ್ತು. ಟೈಲ್ಸ್ ವ್ಯಾಪಾರಿ ಡಂಕನ್ ಅಧ್ಯಕ್ಷನಾದ ಮೇಲೆ ಯಾವ ಕೋಚೂ ಎರಡು ಚಳಿಗಾಲ ಪೂರೈಸಿದ್ದಿಲ್ಲ. ಕೈಯಲ್ಲಿ ಗ್ಲಾಸು ಬಂದರೆ ಡಂಕನ್ ಮಾತಾಡುತ್ತಿದ್ದುದೆಲ್ಲ ಸ್ಥಿರತೆಯ ಬಗ್ಗೆಯೇ. ಸ್ಕಾಟ್ಲೆಂಡಿನಲ್ಲಿ ಅವನ ಅಪ್ಪನ ಊರಿನ ಪುಟ್ಟ ಕ್ಲಬ್ಬಿನಲ್ಲಿ ಒಬ್ಬನೇ ಮ್ಯಾನೇಜರ್, ಅಂದರೆ ಕೋಚ್, ಹದಿನೈದು ವರ್ಷ ಇದ್ದ, ತಂಡ ಕೆಳಗಿನ ದರ್ಜೆಗೆ ಇಳಿದರೂ ಯಾರೂ ಅವನ ಮೈಗೆ ಕೈ ಹಚ್ಚಲಿಲ್ಲ, ಕ್ಲಬ್ ಅಂದರೆ ಹಾಗಿರಬೇಕು ಎನ್ನುತ್ತಿದ್ದ. ನಾಲ್ಕು ಮ್ಯಾಚ್ ಸೋತರೆ ಅದೇ ಬಾಯಲ್ಲಿ ಕೋಚಿಗೆ ಗೇಟು ತೋರಿಸುತ್ತಿದ್ದ. ಮುಂದಿನವನು ಸ್ಕಾಟ್ಲೆಂಡಿನಿಂದಲೇ ಬರಬೇಕು, ಅವರ ಥರವೇ ನಾಲಿಗೆ ಹೊರಳಿಸಬೇಕು. ಅವನು ವಿಮಾನ ಇಳಿಯುವ ತನಕ ಹರ್ಮನ್.

ಆದರೆ 2009ರ ಆ ಸೀಸನ್ನಿನಲ್ಲಿ ಹರ್ಮನ್ ಕೈಗೆ ಬಂದ ತಂಡ ಗೆಲ್ಲತೊಡಗಿತು. ಕಟ್ಟಕಡೆಯಲ್ಲಿ ಬಿದ್ದಿದ್ದವರು ಏಪ್ರಿಲ್ ಮುಗಿಯುವುದರೊಳಗೆ ಮೂರನೇ ಸ್ಥಾನಕ್ಕೆ ಏರಿದರು. ಇನ್ನು ಇವನನ್ನು ಬಿಟ್ಟು ಬೇರೆ ಯಾರನ್ನು ತರುತ್ತಾರೆ ಎಂದು ಆಟಗಾರರೇ ಕ್ಯಾಂಟೀನಿಗೆ ಬಂದು ಅಸುಂತಾಗೆ ಹೇಳಿದರು. ಕ್ಲಬ್ಬಿನ ಊಟದ ದಿನ ಅವಳು ಮದುವೆಯಲ್ಲಿ ಉಟ್ಟಿದ್ದ ಕೆಂಪು ಸಾಡೊ ಸೀರೆ ತೆಗೆದು ಉಟ್ಟುಕೊಂಡಳು.

ಡಂಕನ್ ಎದ್ದು ನಿಂತು ಗ್ಲಾಸಿಗೆ ಚಮಚ ಬಡಿದ. ನಮ್ಮ ನಂಬಿಗಸ್ತ ಹರ್ಮನ್ ಎಷ್ಟು ಚೆನ್ನಾಗಿ ಮನೆ ನೋಡಿಕೊಂಡ ಎಂದ. ಎಲ್ಲರೂ ಮೇಜು ಗುದ್ದಿದರು. ಆಮೇಲೆ ಬಾಗಿಲ ಕಡೆ ಕೈ ಮಾಡಿ, ಹೊಸ ಕೋಚ್ ಯೂಅನ್ ರೀಡ್ ನಿನ್ನೆಯಷ್ಟೇ ಗ್ಲಾಸ್ಗೋದಿಂದ ಬಂದಿಳಿದಿದ್ದಾನೆ, ಸ್ವಾಗತಿಸೋಣ ಎಂದ. ಕೆಂಪು ಗಡ್ಡದ ತರುಣನೊಬ್ಬ ನಿದ್ದೆಗಣ್ಣಲ್ಲಿ ಒಳಗೆ ಬಂದ. ಚಪ್ಪಾಳೆ ಬಿತ್ತು. ಅಸುಂತಾ ತಿರುಗಿ ನೋಡಿದರೆ ಹರ್ಮನ್ ಕೂಡ ಚಪ್ಪಾಳೆ ತಟ್ಟುತ್ತಿದ್ದ.

"ನೀನ್ಯಾಕೆ ತಟ್ದೆ?" ಕಾರಿನ ಬಾಗಿಲು ಮುಚ್ಚುವ ಮುಂಚೆಯೇ ಕೇಳಿದಳು. "ನಿನ್ನ ಮುಖಕ್ಕೆ ಉಗಿದ್ರೂ ಒರೆಸ್ಕೊಂಡು ಥ್ಯಾಂಕ್ಸ್ ಹೇಳ್ತೀಯಲ್ಲ, ನಾಚ್ಕೆ ಆಗಲ್ವಾ?"

"ಆ ಹುಡುಗನದ್ದು ಎಂಥ ತಪ್ಪುಂಟು?"

"ಅವನ್ದಲ್ಲ! ನಿಂದು! ಒಂದ್ ದಿನವಾದ್ರೂ ನಂಗೆ ಆ ಕೆಲಸ ಕೊಡಿ ಅಂತ ಬಾಯಿ ಬಿಟ್ಟು ಕೇಳಿದ್ಯಾ?"

ಹರ್ಮನ್ ಕೀ ತಿರುಗಿಸಿ ಕಾರು ಹೊರಡಿಸಿದ.

ಯೂಅನ್‌ನನ್ನು ದ್ವೇಷಿಸಲು ಅಸುಂತಾ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಆದರೆ ಅವನು ಮೊದಲ ಶನಿವಾರವೇ ಕ್ಯಾಂಟೀನಿಗೆ ಬಂದು, ಸುಕ್ಕಾ ತಿಂದು, ಕಣ್ಣು ಮೂಗಿನಲ್ಲಿ ನೀರು ಸುರಿಸುತ್ತಾ ಇನ್ನೊಂದು ಕೇಳಿದ. ತಿನ್ನುತ್ತಾ ತನ್ನ ಕತೆ ಹೇಳಿದ. ಅವನ ಕಡೆ ಮ್ಯಾನೇಜರುಗಳು ಸರಾಸರಿ ಒಂದೂವರೆ ವರ್ಷ ಉಳಿದರೆ ಪುಣ್ಯವಂತೆ. ಅವನು ಎರಡು ಕ್ಲಬ್ಬುಗಳಲ್ಲಿ ಕೆಲಸ ಕಳೆದುಕೊಂಡಿದ್ದ. ಒಂದು ಕಡೆಯಂತೂ ತೆಗೆದುಹಾಕಿದ ಸುದ್ದಿ ಅವನಿಗೆ ಗೊತ್ತಾದದ್ದು ಪೆಟ್ರೋಲ್ ಬಂಕಿನಲ್ಲಿ, ರೇಡಿಯೊದಿಂದ. ಹೆಂಡತಿ ಈಗ ಯಾವ ಮನೆಗೆ ಹೋದರೂ ಗೋಡೆಗೆ ಮೊಳೆ ಹೊಡೆಯುವುದಿಲ್ಲವಂತೆ. "ಇಲ್ಲಿಯಾದರೂ ಸ್ವಲ್ಪ ಕಾಲ ಇರಲು ಬಿಡುತ್ತಾರೆ ಅಂದುಕೊಂಡಿದ್ದೇನೆ. ಡಂಕನ್ ಸ್ಥಿರತೆ ಮುಖ್ಯ ಅಂದ" ಎಂದು ನಕ್ಕ. ಅಸುಂತಾ ಅವನಿಗೆ ಮೂರನೇ ಬನ್ನು ಕೊಟ್ಟಳು. ಅವಳ ಸಿಟ್ಟಿಗೆ ಈಗ ಇಬ್ಬರೇ ಉಳಿದರು, ಡಂಕನ್ ಮತ್ತು ಹರ್ಮನ್.

ಜೂನ್ ತಿಂಗಳ ಲಾಂಗ್ ವೀಕೆಂಡಿನಲ್ಲಿ ತಂಡ ಸಿಡ್ನಿಗೆ ಹೋಯಿತು. ಅಲ್ಲಿಯೂ ಸ್ಕಾಟ್ಲೆಂಡಿನವರೇ ಕಟ್ಟಿದ ಕ್ಲಬ್ಬೊಂದಿತ್ತು; ಎರಡೂ ಕ್ಲಬ್ಬುಗಳ ಅಪ್ಪಂದಿರ ಕಾಲದಿಂದ ವರ್ಷಕ್ಕೊಮ್ಮೆ ಆಡುವ ಮ್ಯಾಚ್. ಲೀಗಿಗೂ ಅದಕ್ಕೂ ಸಂಬಂಧವಿಲ್ಲ, ಮಾನದ ಪ್ರಶ್ನೆ ಅಷ್ಟೆ. ಅಸುಂತಾ, ಹರ್ಮನ್ ಉಳಿದುಕೊಂಡದ್ದು ಸಿಡ್ನಿಯ ಹೊರವಲಯದ ದಿ ಪಾಂಡ್ಸ್‌ನಲ್ಲಿ ಹೊಸ ಮನೆ ಕಟ್ಟಿಸಿದ್ದ ಅವಳ ತಮ್ಮ ಹ್ಯಾರಿಸ್‌ನ ಮನೆಯಲ್ಲಿ. ಯೂಅನ್ ಬಂದ ಮೇಲೆ ಲೀಗಿನಲ್ಲಿ ತಂಡ ಎರಡು ಗೆದ್ದು ಮೂರು ಸೋತಿತ್ತು. ಸಿಡ್ನಿಯಲ್ಲಿ ನಾಲ್ಕು ಗೋಲು ತಿಂದು, ಒಂದನ್ನೂ ಹೊಡೆಯದೆ ಸೋತಿತು.

ಮ್ಯಾಚ್ ಮುಗಿದು ಹತ್ತು ನಿಮಿಷವೂ ಆಗಿರಲಿಲ್ಲ. ಯೂಅನ್ ಮೈದಾನದ ಆಚೆ ಬದಿಯಲ್ಲಿ ಬಾಲುಗಳನ್ನು ಚೀಲಕ್ಕೆ ತುಂಬುತ್ತಿದ್ದ. ಅಸುಂತಾ, ಹ್ಯಾರಿಸ್ ಪಕ್ಕದಲ್ಲೇ ನಿಂತಿದ್ದರೂ ಲೆಕ್ಕಿಸದೆ ಡಂಕನ್ ಬಂದು ಹರ್ಮನ್‌ನ ಹೆಗಲ ಮೇಲೆ ಕೈ ಹಾಕಿದ.

"ಮಂಗಳವಾರದಿಂದ ನೀನೇ ನೋಡಿಕೋ ಹರ್ಮನ್. ಕೆಲವೇ ವಾರ."

"ಯೂಅನ್‌ಗೆ ಹೇಳಿದ್ದೀರಾ?"

"ಊರಿಗೆ ಹೋಗಿ ಫೋನಿನಲ್ಲಿ ಹೇಳಿದರಾಯಿತು."

ಹರ್ಮನ್ ಹೂಂ ಎಂದು ತಲೆ ಆಡಿಸುವುದಕ್ಕೆ ಮೊದಲೇ ಅಸುಂತಾ ನಡುವೆ ಬಂದಳು. "ಇಲ್ಲ. ಇವರು ಮಾಡುವುದಿಲ್ಲ. ನಿಮ್ಮ ಮನೆ ಕಾಯುವುದಕ್ಕೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ."

ಡಂಕನ್ ಹುಬ್ಬೇರಿಸಿದ. ಕ್ಯಾಂಟೀನಿನ ಕಮಿಟಿ ಬೇರೆ, ತಂಡದ ಕಮಿಟಿ ಬೇರೆ ಅಂದುಕೊಂಡಿದ್ದೆ ಎಂದು ನಕ್ಕ. ಹರ್ಮನ್‌ನ ಕಿವಿ ಕೆಂಪಾಯಿತು. "ಅಸುಂತಾ, ನೀನು ಸುಮ್ಮನಿರು" ಎಂದ, ಎಲ್ಲರ ಎದುರಿಗೆ. ಸಂಜೆಯೊಳಗೆ ತಿಳಿಸುತ್ತೇನೆ ಎಂದು ಡಂಕನ್‌ನನ್ನು ಕಳಿಸಿದ.

ಹ್ಯಾರಿಸ್‌ನ ಮನೆ ಮುಟ್ಟುವ ತನಕ ಅವಳು ತಡೆದುಕೊಂಡಳು. ಅಡುಗೆಮನೆಗೆ ಕಾಲಿಟ್ಟವಳೇ ಬ್ಯಾಗನ್ನು ಕಟ್ಟೆಯ ಮೇಲೆ ಕುಕ್ಕಿದಳು.

"ಸುಮ್ನಿರ್ಬೇಕಾ? ನಾನು? ಅವನು ನನ್ನ ಎದುರಿಗೇ ನಿನ್ನನ್ನ ಚಾಕರಿಯವನ ಥರ ಕರೀತಾನೆ, ನಾನು ಸುಮ್ನಿರ್ಬೇಕಾ?"

"ಅದು ನನ್ನ ವಿಷಯ!"

"ನಿನ್ನ ವಿಷಯ ಆಗಿದ್ರೆ ನೀನು ಮಾತಾಡ್ಬೇಕಿತ್ತು! ಬಾಯಿ ಇಲ್ವಾ ನಿಂಗೆ?"

"ಅಕ್ಕಾ, ಪಕ್ಕದ್ಮನೆಗೆ ಕೇಳ್ಸತ್ತೆ" ಎಂದ ಹ್ಯಾರಿಸ್.

"ಕೇಳ್ಲಿ! ನೀನು ಹೊರಗ್ಹೋಗು!"

ಹ್ಯಾರಿಸ್ ತನ್ನ ಮನೆಯಿಂದ ತಾನೇ ಹೊರಗೆ ಹೋದ. ಹರ್ಮನ್ ಕುರ್ಚಿ ಎಳೆದು ಕೂತ.

"ಕೇರ್‌ಟೇಕರನ್ನು ಯಾರೂ ತೆಗೆಯುದಿಲ್ಲ ಅಸುಂತಾ" ಎಂದ. "ಗೆದ್ದರೆ ಹೊಗಳ್ತಾರೆ, ಸೋತರೆ ಪಾಪ ಅಂತಾರೆ. ಉಳಿದವರನ್ನು ಹೇಗೆ ಕಳಿಸಿದ್ರು ಅಂತ ನಾನು ನೋಡಿದ್ದೇನೆ. ಒಬ್ಬ ಕಾರಿನಲ್ಲಿ ಕೂತು ಅತ್ತ. ನಂಗೆ ಹೆದರಿಕೆ ಉಂಟು. ಅದಕ್ಕೇ ಕೇಳ್ಲಿಲ್ಲ."

ಅಸುಂತಾ ಇದನ್ನು ನಿರೀಕ್ಷಿಸಿರಲಿಲ್ಲ. ಇಷ್ಟು ದಿನ ಅವಳು ಅವನದು ಒಳ್ಳೆಯತನ ಎಂದುಕೊಂಡು ಅದರ ಮೇಲೆ ಸಿಟ್ಟು ಮಾಡಿಕೊಂಡಿದ್ದಳು. ಅದು ಭಯ ಎಂದು ತಿಳಿದಾಗ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ, ಇನ್ನೂ ಏರಿತು.

"ತೆಗೀಲಿ!" ಎಂದಳು. "ಒಂದ್ಸಲ ತೆಗೀಲಿ ನಿನ್ನ! ಏನಾಗತ್ತೆ? ಸತ್ತು ಹೋಗ್ತೀಯಾ? ಯಾರೂ ತೆಗೀಬಾರ್ದು ಅಂತ ಜೀವನ ಪೂರ್ತಿ ಬಾಗಿಲಲ್ಲೇ ನಿಂತಿರ್ತೀಯಾ?"

ಹರ್ಮನ್ ಎದ್ದು ಹಿತ್ತಲಿಗೆ ಹೋದ. ಇನ್ನೂ ಹುಲ್ಲು ಹಾಸದ ಕೆಂಪು ಮಣ್ಣಿನಲ್ಲಿ ಅತ್ತಿಂದಿತ್ತ ನಡೆಯುತ್ತಾ ಮೊದಲು ಯೂಅನ್‌ಗೆ ಫೋನ್ ಮಾಡಿದ. ಇದು ನಿನಗೆ ಪೆಟ್ರೋಲ್ ಬಂಕಿನಲ್ಲಿ ಗೊತ್ತಾಗಬಾರದು ಎಂದು ಹೇಳುತ್ತಿದ್ದುದು ಒಳಗಿನ ತನಕ ಕೇಳಿತು. ಯೂಅನ್ ಆ ಕಡೆಯಿಂದ ಏನು ಹೇಳಿದನೋ, ಹರ್ಮನ್ ತುಂಬ ಹೊತ್ತು ಹ್ಞೂಂ ಹ್ಞೂಂ ಎನ್ನುತ್ತಲೇ ಇದ್ದ. ಆಮೇಲೆ ಡಂಕನ್‌ಗೆ ಮಾಡಿದ. ಆ ಮಾತು ಚಿಕ್ಕದಾಗಿತ್ತು. ಹಂಗಾಮಿಯಾದರೆ ಬೇಡ; ಕೋಚ್ ಎಂದು ಹೆಸರು ಹೇಳಬೇಕು, ಮುಂದಿನ ವರ್ಷದ ಸೀಸನ್ ಮುಗಿಯುವ ತನಕ ಇರಲು ಬಿಡಬೇಕು ಎಂದ. ಬೇರೆ ಯಾರೂ ಕೈಗೆ ಸಿಗದ ಡಂಕನ್ ಗೊಣಗಿಕೊಂಡೇ ಆಗಲಿ ಎಂದ.

ಹಾಗೆ ಹರ್ಮನ್ ಗ್ಲೆನ್‌ಮೋರ್‌ನ ಕೋಚ್ ಆದ. ಮೊದಲೆರಡು ಮ್ಯಾಚ್ ಗೆದ್ದ. ಆಮೇಲೆ ಗೋಲ್‌ಕೀಪರನ ಕೈ ಮುರಿಯಿತು, ಗೋಲು ಹೊಡೆಯುತ್ತಿದ್ದ ಬೋಸ್ನಿಯಾದ ಹುಡುಗ ಹೆಚ್ಚು ಕೊಡುವ ಕ್ಲಬ್ಬಿಗೆ ಹೊರಟುಹೋದ. ತಂಡ ಸೋಲತೊಡಗಿತು. ಅದೇ ಸೋಲುಗಳನ್ನು ಹಂಗಾಮಿ ಹರ್ಮನ್ ಸೋತಿದ್ದರೆ ಜನ ಬೆನ್ನು ತಟ್ಟುತ್ತಿದ್ದರು. ಈಗ ಬೇಲಿಗೆ ಒರಗಿ ಬಿಯರ್ ಕುಡಿಯುವವರು "ಹರ್ಮನ್ ಔಟ್" ಎಂದು ರಾಗವಾಗಿ ಕೂಗಿದರು. ಆಗಸ್ಟ್ ತಿಂಗಳ ಒಂದು ಶನಿವಾರ ಹಾಗೆ ಕೂಗಿದವರೇ ಹಾಫ್‌ಟೈಮಿಗೆ ಕ್ಯಾಂಟೀನಿನ ಎದುರು ಸಾಲು ನಿಂತರು. ಅಸುಂತಾ ಮೊದಲು ನಿಂತವನ ಮುಖ ನೋಡಿದಳು. ಕೈಯಲ್ಲಿದ್ದ ಚಿಮ್ಮಟ ಕೆಳಗಿಟ್ಟು, ಶಟರಿನ ಸರಪಳಿ ಹಿಡಿದು ದಡಾರನೆ ಕೆಳಗೆಳೆದಳು. ಹೊರಗೆ ಬಡಿದರು, ಬೈದರು. ಅವಳು ಒಳಗೆ ಸ್ಟೂಲಿನ ಮೇಲೆ ಕೂತು ಒಂದಾದ ಮೇಲೊಂದು ಎರಡು ಬನ್ನು ತಿಂದಳು. ಮದುವೆಯಾದ ಮೇಲೆ ಅಷ್ಟು ರುಚಿಯಾಗಿ ಏನನ್ನೂ ತಿಂದಿರಲಿಲ್ಲ ಎನಿಸಿತು.

ಆ ಮ್ಯಾಚ್ ಮುಗಿದ ಮೇಲೆ ಕಮಿಟಿಯವರು ಹರ್ಮನ್‌ನನ್ನು ಮೇಲಿನ ಕೋಣೆಗೆ ಕರೆದರು. ಅಸುಂತಾ ಕಾರಿನ ಹತ್ತಿರ ಕಾದಳು. ಒಳಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಾಗಿಲು ಗೋಡೆಗೆ ಅಪ್ಪಳಿಸುವ ಹಾಗೆ ತೆರೆದುಕೊಂಡಿತು. ಹರ್ಮನ್ ಮೆಟ್ಟಿಲಿಳಿದು ಬಂದವನೇ ದಾರಿಯಲ್ಲಿದ್ದ ಕಸದ ಡಬ್ಬಿಯನ್ನು ಜಾಡಿಸಿ ಒದ್ದ. ಅದು ಖಾಲಿ ಕ್ಯಾನುಗಳನ್ನು ಚೆಲ್ಲುತ್ತಾ ಡಂಕನ್‌ನ ಕಾರಿನ ತನಕ ಉರುಳಿತು.

"ಸ್ಥಿರತೆಗಾಗಿಯಂತೆ!" ಎಂದು ಕಿರುಚಿದ. "ಕ್ಲಬ್ಬಿನ ಸ್ಥಿರತೆಗಾಗಿ ನನ್ನನ್ನು ತೆಗೀತಾರಂತೆ! ಮಾತು ಕೊಟ್ಟದ್ದು ಉಂಟಲ್ಲಾ ಅಂದ್ರೆ, ಅದು ಬೇರೆ ಸಂದರ್ಭ ಅಂತ ಹೇಳ್ತಾನೆ ಬೇವರ್ಸಿ! ಇನ್ನೂ ಮ್ಯಾಚ್ ಉಂಟು ಅಸುಂತಾ! ಹೊಸ ಗೋಲ್‌ಕೀಪರ್ ಈಗಷ್ಟೇ ಕಲೀತಿದ್ದಾನೆ! ಆ ಅಫ್ಘಾನಿ ಹುಡುಗನನ್ನು ಎಡಗಡೆಗೆ ಹಾಕಿದ್ರೆ ಸಾಕಿತ್ತು, ನಾನು ನೋಡಿ ಇಟ್ಟಿದ್ದೆ! ಅದು ನನ್ನ ತಂಡ!"

ಮದುವೆಯಾದ ಹನ್ನೆರಡು ವರ್ಷದಲ್ಲಿ ಅವನು ಹೀಗೆ ದನಿ ಏರಿಸಿದ್ದನ್ನು ಅವಳು ಕಂಡಿರಲಿಲ್ಲ. ಅವನ ಕೈಯಿಂದ ಕೀ ತೆಗೆದುಕೊಂಡು ಅವಳೇ ಸ್ಟೀರಿಂಗಿಗೆ ಕೂತಳು. ಫ್ರೀವೇ ಹತ್ತಿದ ಮೇಲೂ ಅವನ ಬೈಗುಳ ನಿಲ್ಲಲಿಲ್ಲ; ಕನ್ನಡ ಮುಗಿದು ತುಳು ಬಂತು, ತುಳು ಮುಗಿದು ಕೊಂಕಣಿಗೇ ಬಂದ. ಸಮಾಧಾನ ಮಾಡಿಕೋ ಎಂದು ಅವಳು ಒಂದು ಸಲವೂ ಹೇಳಲಿಲ್ಲ. ಹಿಂದಿನ ಕಾರುಗಳು ಹಾರ್ನ್ ಹೊಡೆದರೂ ಎಡಬದಿಯ ಸಾಲಿನಲ್ಲಿ ನಿಧಾನಕ್ಕೆ ಓಡಿಸಿದಳು.

ಡಂಕನ್ ಹಂಗಾಮಿಯಾಗಿ ಬಾ ಎಂದು ಯೂಅನ್‌ನನ್ನೇ ಕರೆದನಂತೆ. ಯೂಅನ್ ಫೋನಿನಲ್ಲೇ ಏನು ಹೇಳಿದ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಕೊನೆಗೆ ಡಂಕನ್ ತಾನೇ ಟ್ರ್ಯಾಕ್‌ಸೂಟ್ ಹಾಕಿಕೊಂಡು ಗೆರೆಯ ಬದಿಗೆ ನಿಂತ, ಉಳಿದದ್ದನ್ನೆಲ್ಲ ಸೋತ, ಗ್ಲೆನ್‌ಮೋರ್ ಕೆಳಗಿನ ದರ್ಜೆಗೆ ಇಳಿಯಿತು. ಅಧ್ಯಕ್ಷನಾಗಿ ಅವನೇ ಮುಂದುವರಿದ.

ಹರ್ಮನ್ ಮಾತ್ರ ಅದನ್ನೆಲ್ಲ ನೋಡುತ್ತ ಕೂರಲಿಲ್ಲ. ಕಸದ ಡಬ್ಬಿ ಒದ್ದ ಮರುದಿನವೇ, ಭಾನುವಾರದ ಪೂಜೆ ಮುಗಿಸಿ ಇಗರ್ಜಿಯಿಂದ ಬಂದವನು ಚಹಾ ಕೂಡ ಕುಡಿಯದೆ ಒಂದೊಂದೇ ಕ್ಲಬ್ಬಿಗೆ ಫೋನ್ ಮಾಡತೊಡಗಿದ. ಹೆಸರು ಹೇಳಿ, ಎಲ್ಲಿ ಕೋಚ್ ಆಗಿದ್ದೆ ಎಂದು ಹೇಳಿದ. ಯಾಕೆ ಬಿಟ್ಟಿರಿ ಎಂದು ಆ ಕಡೆಯವರು ಕೇಳಿರಬೇಕು.

"ನಾನು ಬಿಡಲಿಲ್ಲ. ತೆಗೆದುಹಾಕಿದರು" ಎಂದ ಗಟ್ಟಿಯಾಗಿ.