ಗಡಿ ದಾಟದ ಮಾತ್ರೆ

ಅಕ್ಕನಿಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಆವತ್ತು ತಮ್ಮ ಕೆಮ್ಮುತ್ತ ಕೆಮ್ಮುತ್ತ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದಾಗ, ಅವಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ಗಡಿ ದಾಟಿ ಪಕ್ಕದ ದೇಶಕ್ಕೆ ಕಟ್ಟಡದ ಕೆಲಸಕ್ಕೆ ಬಂದ ಗುಂಪು ಅದು. ಕಟ್ಟುತ್ತಿರುವ ಕಟ್ಟಡದಲ್ಲೇ ಕೆಳಗಿನ ಒಂದು ಕೋಣೆ ಎಲ್ಲರಿಗೂ. ತಮ್ಮ ಟೈಲ್ಸ್ ಹಾಕುವವನು. ಅಕ್ಕ ಗುಂಪಿಗೆಲ್ಲ ಬೇಯಿಸಿ ಹಾಕುವವಳು. ಅವಳ ಪುಟ್ಟ ಮಗಳಿಗೆ ಸೋದರಮಾವನ ಪಕ್ಕ ಬಿಟ್ಟು ಬೇರೆಲ್ಲೂ ನಿದ್ದೆ ಬರದು. ಆ ಮಾವನಿಗೆ ಊರಲ್ಲಿ ಟಿಬಿ ಅಂತ ಗೊತ್ತಾಗಿತ್ತು. ಮಾತ್ರೆ ನುಂಗಿ ಕೆಮ್ಮು ನಿಂತು, ಮೈ ಕೈ ತುಂಬಿಕೊಂಡ ಮೇಲೇ ಅವನು ಈ ಕಡೆ ಹೊರಟದ್ದು.

“ಮಾತ್ರೆ ತಗೊಳ್ತಾ ಇದ್ದೀಯೇನೋ?”

ತಮ್ಮ ಗೋಡೆ ನೋಡಿದ.

“ಗೋಡೆ ಉತ್ತರ ಕೊಡಲ್ಲ. ನಿನ್ನನ್ನೇ ಕೇಳ್ತಿರೋದು.”

“ಇಲ್ಲ ಅಕ್ಕ. ಗಡಿ ಗೇಟಿನ ಹತ್ರ ಮೇಸ್ತ್ರಿ ಬ್ಯಾಗ್ ಖಾಲಿ ಮಾಡಿಸಿದ್ರು. ಆಗ ಎಸೆದೆ.”

ಇದು ಗುಂಪನ್ನು ಕರೆತಂದ ಮೇಸ್ತ್ರಿಯ ಹಳೇ ರೂಢಿ. ಗಡಿಯ ಗೇಟು ಬರುವ ಮುಂಚೆ ವ್ಯಾನ್ ನಿಲ್ಲಿಸಿ ಬಾಟಲಿ, ಪುಡಿ, ಮಾತ್ರೆ, ಏನಿದ್ದರೂ ಚರಂಡಿಗೆ ಹಾಕಿಸುತ್ತಿದ್ದ. ಗೇಟಿನವರು ಪ್ರಶ್ನೆ ಕೇಳಿದರೆ ತಡವಾಗುತ್ತೆ ಅನ್ನೋದು ಅವನ ಲೆಕ್ಕ. ಅಕ್ಕ ಪಾತ್ರೆಗಳ ಜೊತೆ ಲಾರಿಯಲ್ಲಿ ಮುಂದೆ ಬಂದಿದ್ದಳು, ಅವಳಿಗೆ ಇದು ಗೊತ್ತಾಗಿರಲಿಲ್ಲ.

“ಆರಾಮಾಗೇ ಇದ್ನಲ್ಲ ಅಕ್ಕ. ಊರಿಗೆ ಹೋದ ಮೇಲೆ ಮತ್ತೆ ಶುರು ಮಾಡಿದ್ರಾಯ್ತು ಅಂದ್ಕೊಂಡೆ.”

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. “ಬೇರೆಯವನು ಹಾಕಿದ ಟೈಲ್ಸನ್ನೂ ಕರಣೆ ಹಿಡಿಯಿಂದ ತಟ್ಟಿ ನೋಡ್ತೀಯ. ಟೊಳ್ಳು ಸದ್ದು ಬಂದ್ರೆ ಕೀಳಿಸೋ ತನಕ ಬಿಡಲ್ಲ. ನಿನ್ನ ಎದೆ ಮಾತ್ರ ಮೇಲೆ ಹೊಳೆದ್ರೆ ಸಾಕೇನೋ?”

ತಮ್ಮ ಕೆಮ್ಮುತ್ತಲೇ ಹೋಗಿ ಚಾಪೆ ಹಾಸಿದ.

ಮಾರನೇ ದಿನ ಬೆಳಿಗ್ಗೆ ಕೆಲಸಗಾರರ ಮಕ್ಕಳಿಗೆ ಲಸಿಕೆ ಹಾಕಲು ಆಸ್ಪತ್ರೆಯ ಸಿಸ್ಟರ್ ಬಂದರು. ಅಕ್ಕ ಅವರನ್ನು ಒಲೆಯ ಬಳಿ ಕೂರಿಸಿ ಎಲ್ಲ ಹೇಳಿದಳು.

“ಕೆಮ್ಮು ನಿಂತ ಮಾತ್ರಕ್ಕೆ ರೋಗ ಹೋಗಿರಲ್ಲಮ್ಮ,” ಅಂದರು ಸಿಸ್ಟರ್. “ಅರ್ಧಕ್ಕೆ ಬಿಟ್ರೆ ಉಳಿದ ಕ್ರಿಮಿಗಳು ಮತ್ತೆ ಹೆಚ್ಚುತ್ತವೆ. ಆಮೇಲೆ ಅದೇ ಮಾತ್ರೆಗೆ ಬಗ್ಗದೇ ಹೋಗಬಹುದು. ಇವತ್ತೇ ಕರ್ಕೊಂಡು ಬನ್ನಿ, ಕಫ ಪರೀಕ್ಷೆ ಮಾಡ್ಬೇಕು. ಮಗೂನೂ ಕರ್ಕೊಂಡು ಬನ್ನಿ.”

“ಮಗು ಯಾಕೆ? ಅವನ ತಟ್ಟೆ, ಲೋಟ ಎಲ್ಲ ಬೇರೆ ಇಟ್ಟಿದ್ದೀನಿ ಸಿಸ್ಟರ್.”

“ಟಿಬಿ ತಟ್ಟೆಯಿಂದ ಬರಲ್ಲ. ಕೆಮ್ಮಿದ ಗಾಳಿಯಿಂದ ಬರುತ್ತೆ. ಆ ಕೋಣೆಗಿರೋದು ಒಂದೇ ಕಿಟಕಿ, ಅದಕ್ಕೂ ಸಿಮೆಂಟ್ ಚೀಲ ತುರುಕಿದ್ದೀರಿ.”

ಚಳಿ ಅಂತ ಆ ಚೀಲ ತುರುಕಿದವಳು ಅಕ್ಕನೇ. “ನಾವು ಈ ದೇಶದವರಲ್ಲ. ನಮ್ಮನ್ನ ನೋಡ್ತಾರಾ?”

“ನಮ್ಮಲ್ಲಿ ಹೊರಗಿನವರನ್ನೂ ನೋಡ್ತೀವಿ. ನಿಮ್ಮೂರಿನ ಆಸ್ಪತ್ರೆಗೆ ಫೋನ್ ಮಾಡಿ, ಯಾವ ಮಾತ್ರೆ ಕೊಡ್ತಿದ್ರು ಅಂತ ನಾನೇ ಕೇಳ್ತೀನಿ.”

ಆಸ್ಪತ್ರೆಗೆ ವ್ಯಾನ್ ಕೊಡಲು ಮೇಸ್ತ್ರಿ ಮಾತ್ರ ಒಪ್ಪಲಿಲ್ಲ. “ಟಿಬಿ ಗಿಬಿ ಅಂತ ಸುದ್ದಿಯಾದ್ರೆ ಇಡೀ ಗುಂಪನ್ನೇ ವಾಪಸ್ ಕಳಿಸ್ತಾರೆ. ಕೆಲಸ ಮುಗೀಲಿ, ಆಮೇಲೆ ನೋಡೋಣ.”

ಅಕ್ಕ ಒಂದು ಚೊಂಬು ನೀರು ತಂದು ಉರಿಯುತ್ತಿದ್ದ ಒಲೆಗೆ ಸುರಿದಳು. ಹೊಗೆ ಎದ್ದು ಮೇಸ್ತ್ರಿಯ ಮುಖಕ್ಕೇ ಹೊಡೆಯಿತು.

“ಇದೇನಿದು?”

“ಇವತ್ತು ಎಲ್ಲರ ಹೊಟ್ಟೆಗೂ ತಣ್ಣೀರು ಬಟ್ಟೆ. ವ್ಯಾನ್ ಆಸ್ಪತ್ರೆಗೆ ಹೋಗಿ ಬರಲಿ, ಆಮೇಲೆ ಒಲೆ ಹಚ್ಚೋಣವಂತೆ.”

ಒಬ್ಬಿಬ್ಬರು ಗೊಣಗಿದರು. ಆಗ ಬಣ್ಣ ಬಳಿಯುವವನು ಎದ್ದು ನಿಂತ. “ನಾನೂ ಅದೇ ಕೋಣೇಲಿ ಮಲಗೋನು ಮೇಸ್ತ್ರಿ. ಕೀ ಕೊಡಿ, ನಾನೇ ಓಡಿಸ್ತೀನಿ.” ಮೇಸ್ತ್ರಿ ಹಸಿದವರ ಮುಖ ನೋಡಿ ಕೀ ಕೊಟ್ಟ.

ಕಫ ಪರೀಕ್ಷೆಯಲ್ಲಿ ಗೊತ್ತಾಯಿತು, ತಮ್ಮನಿಗೆ ರೋಗ ಮರುಕಳಿಸಿತ್ತು. ಪುಣ್ಯಕ್ಕೆ ಇನ್ನೂ ಮಾತ್ರೆಗೆ ಬಗ್ಗುವಂತಿತ್ತು. ಆದರೆ ನುಂಗಿದ್ದೆಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಗಿ, ಮತ್ತೆ ಮೊದಲಿಂದ ಶುರು. ಮಗುವಿಗೆ ರೋಗ ಬಂದಿರಲಿಲ್ಲ, ಬರದ ಹಾಗೆ ಔಷಧಿ ಕೊಟ್ಟರು. ಕೋಣೆಯವರನ್ನೆಲ್ಲ ಕರೆಸಿ ಪರೀಕ್ಷೆ ಮಾಡಿದರು, ಮೇಸ್ತ್ರಿಯನ್ನೂ ಬಿಡಲಿಲ್ಲ. ತಮ್ಮ ತಲೆ ತಗ್ಗಿಸಿ ಕೂತಿದ್ದ. ಅಕ್ಕನಿಗೆ ಅಯ್ಯೋ ಅನ್ನಿಸಲಿಲ್ಲ. ಮಗುವನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಇದ್ದಳು.

ಆ ದಿನವೇ ಕಿಟಕಿಯ ಚೀಲ ಕಿತ್ತಳು. ದಿನಾ ತಾನೇ ಎದುರು ನಿಂತು ಮಾತ್ರೆ ನುಂಗಿಸಿದಳು.

ಕೆಲಸ ಮುಗಿದು ಊರಿಗೆ ಹೊರಟಾಗ ಮಾತ್ರೆ ಇನ್ನೂ ಮುಗಿದಿರಲಿಲ್ಲ. ಸಿಸ್ಟರ್ ದಾರಿಗೆ ಬೇಕಾದಷ್ಟು ಮಾತ್ರೆ ಕೊಟ್ಟು, ಊರಿನ ಆಸ್ಪತ್ರೆಗೆ ಒಂದು ಚೀಟಿಯನ್ನೂ ಬರೆದುಕೊಟ್ಟರು. ಈ ಸಲ ಅಕ್ಕನೂ ವ್ಯಾನಿನಲ್ಲೇ ಕೂತಳು. ಗೇಟು ಹತ್ತಿರವಾಗುತ್ತಲೇ ಮೇಸ್ತ್ರಿ ವ್ಯಾನ್ ನಿಲ್ಲಿಸಿ, “ಬ್ಯಾಗ್ ಖಾಲಿ ಮಾಡ್ರಪ್ಪಾ,” ಅಂದ. ತಮ್ಮ ಮಾತ್ರೆಯ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ, ಜಗ್ಗಲಿಲ್ಲ.

ವ್ಯಾನ್ ಗೇಟಿಗೆ ಬಂದಾಗ ಗೇಟಿನವನು ಬಗ್ಗಿ ನೋಡಿದ. “ಏನಿದು?”

“ಟಿಬಿ ಮಾತ್ರೆ ಸರ್. ಚೀಟಿ ಇದೆ.”

ಅವನು ಓದಿ ವಾಪಸ್ ಕೊಟ್ಟ. “ತಪ್ಪಿಸ್ಬೇಡ, ತಗೋ,” ಅಂದು ಗೇಟು ಎತ್ತಿದ.

ಅಕ್ಕ ಮೇಸ್ತ್ರಿಯತ್ತ ತಿರುಗಿದಳು. “ಇಷ್ಟೇನಾ ಮೇಸ್ತ್ರಿ? ಇಷ್ಟಕ್ಕೆ ಹೆದರಿ ನನ್ನ ತಮ್ಮನ ಜೀವ ಚರಂಡಿಗೆ ಹಾಕಿಸಿದ್ರಾ?”

ಮೇಸ್ತ್ರಿ ವ್ಯಾನ್ ಮುಂದಕ್ಕೆ ಬಿಟ್ಟ.

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ದುಡಿಯಲು ಎಲ್ಲಿಗೆ ಬೇಕಾದರೂ ಹೋಗಿ, ಮಾತ್ರೆ ಬಿಟ್ಟು ಹೋಗಬೇಡಿ. ಹೊರಡುವ ಮುಂಚೆ ಆಸ್ಪತ್ರೆಯಲ್ಲಿ ಹೇಳಿ, ದಾರಿಗೆ ಮಾತ್ರೆ ಮತ್ತು ಚೀಟಿ ಕೇಳಿ ಪಡೆಯಿರಿ. ಹೋದ ಜಾಗ ಮುಟ್ಟಿದ ಕೂಡಲೇ ಅಲ್ಲಿನ ಆಸ್ಪತ್ರೆಗೆ ಹೋಗಿ. ಈಗಾಗಲೇ ಬಿಟ್ಟಿದ್ದೀರಾ? ನಾಚಿಕೆ ಬೇಡ, ನೀವಾಗೇ ಮತ್ತೆ ಶುರು ಮಾಡಬೇಡಿ, ಇವತ್ತೇ ಹೋಗಿ ತೋರಿಸಿ. ಡಾಕ್ಟರು ಸಾಕು ಅನ್ನುವ ತನಕ ನಿಲ್ಲಿಸಬೇಡಿ. ಅಷ್ಟರಲ್ಲಿ ಯಾರಾದರೂ ಬಂದು ಮಾತ್ರೆ ಎಸೆಯಿರಿ ಅಂದರೆ, ಅವರ ಊಟದ ಒಲೆಗೆ ಒಂದು ಚೊಂಬು ನೀರು ಸುರಿಯಿರಿ.