ಕರಗಿಹೋದ ಗುಂಕಾರ

ಘಟ ನುಡಿಸಲು ಕೂರುವ ಮೊದಲು ನನ್ನ ಗಂಡ ಅಂಗಿಯ ಗುಂಡಿಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ಬಿಚ್ಚುತ್ತಿದ್ದರು. ಕಚೇರಿ ಇನ್ನೇನು ಶುರುವಾಯಿತೆಂದು ಸಭೆಗೆ ಅದರಿಂದಲೇ ತಿಳಿಯುತ್ತಿತ್ತು. ಘಟದ ಬಾಯನ್ನು ಬರಿಹೊಟ್ಟೆಗೆ ಒತ್ತಿ, ಸಡಿಲಿಸಿ, ಮತ್ತೆ ಒತ್ತಿ ಅವರು ಆ ಮಣ್ಣಿನ ಒಡಲಿನಿಂದ ಎಳೆಯುತ್ತಿದ್ದ ಆಳದ ದನಿಗೆ ಊರಿನವರು ‘ಶೇಷಗಿರಿ ಗುಂಕಾರ’ ಎಂದು ಹೆಸರಿಟ್ಟಿದ್ದರು. ಯಾರಾದರೂ ಹೊಟ್ಟೆಯನ್ನು ಆಡಿಕೊಂಡರೆ ಇವರು ಅದನ್ನು ತಟ್ಟಿಕೊಂಡು, “ತುಂಬಿದ ಕೊಡ ಸ್ವಾಮಿ, ತುಳುಕೋದಿಲ್ಲ” ಎನ್ನುತ್ತಿದ್ದರು.

ಅಂಥದೇ ಹೊಟ್ಟೆ ಹೊತ್ತಿದ್ದ ನನ್ನ ಮಾವನವರು ಐವತ್ತು ತುಂಬುವ ಮೊದಲೇ ಕಣ್ಣು ಮುಚ್ಚಿದ್ದರು. ಇವರಿಗೂ ಸಕ್ಕರೆ ಕಾಯಿಲೆ ಬಂತು, ನಾಲ್ಕು ಮೆಟ್ಟಿಲಿಗೆ ಏದುಸಿರು ಬಂತು. ಜಠರವನ್ನು ಕತ್ತರಿಸಿ ಬಾಳೆಹಣ್ಣಿನಷ್ಟು ಉಳಿಸೋಣ ಎಂದು ಡಾಕ್ಟರು ಹೇಳಿದಾಗ ಇವರು ಹೆದರಿದರು, ನಾನು ಒಪ್ಪಿಸಿದೆ. ವಿಧವೆಯಾಗುವುದಕ್ಕಿಂತ ಮಾಡಿದ ಅಡುಗೆ ಮಿಗುವುದು ಮೇಲೆಂದು ನನ್ನ ಲೆಕ್ಕಾಚಾರ.

ತೂಕ ಇಳಿಯುತ್ತದೆ ಎಂದು ಹೇಳಿದ್ದರು, ಇಳಿಯಿತು. ಉಳಿದದ್ದನ್ನು ಯಾರೂ ಹೇಳಿರಲಿಲ್ಲ. ಬೀಸಣಿಗೆ ಕೈಬಿಡದಿದ್ದ ಮನುಷ್ಯ ನಡುಬೇಸಗೆಯಲ್ಲಿ ಚಳಿಯೆಂದು ಸ್ವೆಟರ್ ಹುಡುಕಿದರು. ಮದುವೆಯ ಉಂಗುರ ಜಾರಿ ಸಾರಿನ ಪಾತ್ರೆಗೆ ಬಿತ್ತು. ಗೊರಕೆ ನಿಂತಿತು, ಅದಕ್ಕೆ ಒಗ್ಗಿಹೋಗಿದ್ದ ನನ್ನ ನಿದ್ದೆಯೂ ಅದರೊಡನೆ ಹೊರಟುಹೋಯಿತು. ಇವರ ಕೈಯ ಬಿಸ್ಕತ್ತು ತಿಂದು ಬೆಳೆದ ಬೀದಿನಾಯಿ ಯಾರೋ ಹೊಸಬರೆಂದು ಬೊಗಳಿತು. ಮದುವೆಮನೆಗಳಲ್ಲಿ ಎರಡು ತುತ್ತಿಗೆ ಊಟ ಮುಗಿದರೂ ಪಂಕ್ತಿ ಏಳುವವರೆಗೆ ಏಳುವಂತಿಲ್ಲವಲ್ಲ, ತುಂಬಿದ ಎಲೆಯ ಮುಂದೆ ಕೈಯೊಣಗಿಸಿಕೊಂಡು ಕೂತಿರುತ್ತಿದ್ದರು. ಬಡಿಸುವವರು ಬಂದು, “ಯಾಕೆ ಸ್ವಾಮಿ, ನಮ್ಮ ಕೈಯಡುಗೆ ಸೇರಲಿಲ್ವೆ?” ಎಂದು ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಮನೆಯಲ್ಲಿ ಅವರು ಬಿಟ್ಟ ಅರ್ಧ ಇಡ್ಲಿ, ಅರ್ಧ ದೋಸೆಗಳನ್ನು ಎಸೆಯಲು ಮನಸ್ಸು ಬಾರದೆ ತಿಂದು ತಿಂದು ನನ್ನ ರವಿಕೆಗಳು ಬಿಗಿಯಾದವು.

ಭಾರ ಎತ್ತಬಹುದೆಂದು ಡಾಕ್ಟರು ಹೇಳಿದ ದಿನ ಇವರು ಸ್ನಾನ ಮಾಡಿ, ಘಟವನ್ನು ತೊಡೆಯ ಮೇಲಿಟ್ಟುಕೊಂಡು ಗುಂಡಿಗಳನ್ನು ಬಿಚ್ಚಿದರು. ಒಳಗೆ ಜೋತುಬಿದ್ದ ಚರ್ಮವಷ್ಟೇ ಇತ್ತು. ಅಡುಗೆಮನೆಯಲ್ಲಿದ್ದ ನನಗೆ ಯಾರೋ ಬಿಂದಿಗೆಗೆ ಸೌಟು ತಾಗಿಸಿದಂತೆ ಕೇಳಿಸಿತು. ಹೊರಬಂದು ನೋಡಿದರೆ ಇವರು ಟವೆಲು ಮಡಿಚಿ ಹೊಟ್ಟೆಗಿಟ್ಟುಕೊಂಡಿದ್ದರು. ಆಮೇಲೆ ದಿಂಬು. ಯಾವುದರಲ್ಲೂ ಗುಂಕಾರ ಏಳಲಿಲ್ಲ.

“ಅವರು ಕತ್ತರಿಸಿದ್ದು ನನ್ನ ಹೊಟ್ಟೇನೋ, ವಿದ್ಯೇನೋ?” ಎಂದರು.

“ಹೊಟ್ಟೆ ಇಲ್ಲದ ಘಟದವರು ಲೋಕದಲ್ಲಿ ಇಲ್ವೇನ್ರೀ?”

“ಅವರು ಹಾಗೇ ಕಲಿತವರು. ನಾನು ಕಲಿತದ್ದು ಆ ಹೊಟ್ಟೇಲೇ.”

ರಾಮನವಮಿಯ ಕಚೇರಿ ಹತ್ತಿರವಿತ್ತು. ವರ್ಷವೂ ಆ ಚಪ್ಪರದಲ್ಲಿ ಹಾಡುತ್ತಿದ್ದವರು ಎಪ್ಪತ್ತು ದಾಟಿದ ಕನಕವಲ್ಲಿಯಮ್ಮ. ಪಕ್ಕದಲ್ಲಿ ಇವರ ಘಟ, ಹಿಂದೆ ನನ್ನ ತಂಬೂರಿ. ದನಿಯನ್ನು ತಳಕ್ಕಿಳಿಸುವ ಆಕೆಯ ಮಂದ್ರಸ್ಥಾಯಿ ಕೇಳಲೆಂದೇ ಜನ ದೂರದಿಂದ ಬರುತ್ತಿದ್ದರು.

ಒಂದು ಮಧ್ಯಾಹ್ನ ನಾನು ಸಂತೆಯಿಂದ ಬಂದಾಗ ಇವರು ನೆಲದ ಮೇಲೆ ಮಲಗಿದ್ದರು. ಮೈಯೆಲ್ಲ ಬೆವರು, ಎದೆ ಡವಡವ. ಪಕ್ಕದಲ್ಲಿ ಬಾಸುಂದಿಯ ಪಾತ್ರೆ ಬರಿದಾಗಿತ್ತು. ಗಟ್ಟಿಯಾದದ್ದು ಇಳಿಯದಿದ್ದರೂ ಇಂಥದ್ದು ಜಾರಿ ಹೋಗುತ್ತದೆಂದು ಕಂಡುಕೊಂಡಿದ್ದರು; ಆದರೆ ಇಷ್ಟು ಸಿಹಿಯನ್ನು ಆ ಮೈ ಈಗ ತಾಳುತ್ತಿರಲಿಲ್ಲ. ದಿನವೂ ಕುಡಿದು ಮತ್ತೆ ದಪ್ಪಗಾಗುವ ಹಟವದು.

“ಒಂದು ಗಡಿಗೆಗೋಸ್ಕರ ಸಾಯ್ತೀರಾ?” ಎಂದೆ.

“ಗಡಿಗೆ ಅನ್ನಬೇಡ” ಎಂದರು, ಕಣ್ಣು ತೆರೆಯದೆ.

ನನಗೆ ಸಿಟ್ಟೂ ಬಂತು, ಭಯವೂ ಆಯಿತು. ಮರುದಿನ ಕನಕವಲ್ಲಿಯಮ್ಮನ ಮನೆಗೆ ಹೋಗಿ, ನೀವಾದರೂ ಬುದ್ಧಿ ಹೇಳಿ ಎಂದು ಎಲ್ಲವನ್ನೂ ಒಪ್ಪಿಸಿದೆ. ಆಕೆ ಕೇಳಿದವರೇ ಎದ್ದು ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆಗೇ ಬಂದರು.

“ನುಡಿಸು ಶೇಷಗಿರಿ” ಎಂದು ಎದುರಿಗೆ ಕೂತರು. ಇವರು ನುಡಿಸಿದರು. ಆಕೆ ಕೊನೆಯವರೆಗೂ ಕಣ್ಣು ಮುಚ್ಚಿಕೊಂಡೇ ಕೇಳಿದರು.

“ಈ ಸಲ ಬೇರೆ ಯಾರನ್ನಾದ್ರೂ ಕರ್ಕೊಳ್ಳಿ ಅಮ್ಮ” ಎಂದರು ಇವರು.

“ಬೇರೆಯವರು ಬಂದ್ರೆ ನನ್ನ ಗುಟ್ಟು ರಟ್ಟಾಗತ್ತೆ. ನನ್ನ ಮಂದ್ರ ಹೋಗಿ ಎಷ್ಟೋ ವರ್ಷ ಆಯ್ತಪ್ಪ. ಕೆಳಗಿಳಿದ್ರೆ ಬರೋದು ಬರೀ ಉಸಿರು. ಅಷ್ಟರಲ್ಲಿ ನಿನ್ನ ಗುಂಕಾರ ಬಂದು ತುಂಬ್ಕೊಳ್ತಿತ್ತು. ಜನ ಅದನ್ನ ನಂದೇ ಅಂದ್ಕೊಂಡು ತಲೆದೂಗ್ತಿದ್ರು.”

ಮೊಳದಷ್ಟು ಹಿಂದೆ ತಂಬೂರಿ ಹಿಡಿದು ಕೂರುತ್ತಿದ್ದ ನಾನೂ ತಲೆದೂಗಿದವಳೇ.

“ಹಾಗಿದ್ರೆ ನಾನು ತಿನ್ನಲೇಬೇಕಲ್ಲಮ್ಮ” ಎಂದರು ಇವರು. ಅವರ ದನಿಯಲ್ಲಿ ಎಷ್ಟೋ ದಿನಗಳಿಂದ ಇಲ್ಲದ ಹುರುಪಿತ್ತು.

“ತಿಂದು ನೀನೇ ಹೋದ್ರೆ ಆಮೇಲೆ ಯಾರು ತುಂಬ್ತಾರೆ? ನಿನ್ನ ಹೊಟ್ಟೆ ಹಿಂದೆ ನಾನು ಬಚ್ಚಿಟ್ಕೊಂಡಿದ್ದು ಸಾಕು. ಇರೋದ್ರಲ್ಲಿ ಹಾಡ್ತೀನಿ, ಇರೋದ್ರಲ್ಲಿ ನುಡಿಸು. ಬಾಸುಂದಿ ಮುಟ್ಟಿದೀಯ ಅಂತ ಗೊತ್ತಾದ್ರೆ ನಾನು ವೇದಿಕೆ ಹತ್ತಲ್ಲ.”

ರಾಮನವಮಿಯ ಸಂಜೆ ಚಪ್ಪರದಲ್ಲಿ ವಿಪರೀತ ಸೆಕೆಯಿತ್ತು. ಇವರು ಗುಂಡಿಗಳನ್ನು ಬಿಚ್ಚಿದಾಗ ಸಭೆಯಲ್ಲಿ ಗುಸುಗುಸು ಎದ್ದಿತು. ಮೊದಲ ಕೃತಿಗಳು ಹೇಗೋ ಸಾಗಿದವು. ಆಮೇಲೆ ದೊಡ್ಡ ಕೃತಿಯ ಚರಣದಲ್ಲಿ ಆಕೆ ಮಂದ್ರಕ್ಕಿಳಿಯುವ ಜಾಗ ಬಂತು. ಮೃದಂಗದವರು ರೂಢಿಯಂತೆ ಆ ಜಾಗವನ್ನು ಘಟಕ್ಕೆ ಬಿಟ್ಟು ಕೈ ತೆಗೆದರು. ಇವರ ಅಂಗೈ ಮೇಲೆದ್ದಿತು, ಅಲ್ಲಿಯೇ ತಡೆಯಿತು, ಮೆಲ್ಲನೆ ಇಳಿದು ಘಟದ ಮೇಲೆ ಸುಮ್ಮನೆ ಕೂತಿತು. ಇನ್ನೊಂದು ಕೈಯ ಒಂದೇ ಬೆರಳು ಘಟದ ಕೊರಳಿನ ಮೇಲೆ ತಾಳ ಇಡುತ್ತಿತ್ತು.

ಕನಕವಲ್ಲಿಯಮ್ಮನ ಉಸಿರು ಕೇಳಿಸಿತು. ಸ್ವರದ ದಾರಿಯಲ್ಲೇ ಇಳಿಯುತ್ತಿದ್ದ, ತುಸು ನಡುಗುತ್ತಿದ್ದ ಮುದಿ ಉಸಿರು. ಸಭೆಯಲ್ಲಿ ಆಡುತ್ತಿದ್ದ ಬೀಸಣಿಗೆಗಳು ನಿಂತವು. ಯಾರೂ ತಲೆದೂಗಲಿಲ್ಲ. ಕೇಳಿಸದೇ ಹೋದೀತೆಂಬಂತೆ ಮುಂದಿನ ಸಾಲುಗಳವರು ಕೂತಲ್ಲೇ ಮುಂದೆ ಬಾಗಿದರು. ನನ್ನ ತಂತಿಗಳ ಸದ್ದು ಜಾಸ್ತಿಯಾಯಿತೆನ್ನಿಸಿ ನಾನು ಬೆರಳನ್ನು ಹಗುರ ಮಾಡಿಕೊಂಡೆ.

ಮಂಗಳವಾದ ಮೇಲೆ ಪಾನಕ ಬಂತು. ಕನಕವಲ್ಲಿಯಮ್ಮ ತಮ್ಮ ಲೋಟ ಮುಗಿಸಿ ಇನ್ನೊಂದು ಕೇಳಿದರು. ಇವರು ಒಂದೇ ಗುಟುಕು ಕುಡಿದು ಲೋಟವನ್ನು ನನ್ನ ಕಡೆಗೆ ಸರಿಸಿದರು, ನಾನು ಕುಡಿದೆ. ಜನರೆಲ್ಲ ಸೆರಗು, ಟವೆಲುಗಳಿಂದ ಗಾಳಿ ಬೀಸಿಕೊಳ್ಳುತ್ತಿದ್ದ ಆ ಸೆಕೆಯಲ್ಲಿ ಇವರೊಬ್ಬರೇ ಚಳಿಗೆ ಸಣ್ಣಗೆ ನಡುಗುತ್ತ, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಗುಂಡಿ ಹಾಕಿಕೊಂಡರು, ಕುತ್ತಿಗೆಯವರೆಗೂ.